ಬಂಡೆ ಮೇಲೆ ಹುರುಳಿ ಹಾಕುವ ಮೊದಲು

ಧನುರ್ಮಾಸದಲ್ಲಿ ನನಗೆ ಕೆಲಸ ಇರುವುದಿಲ್ಲ. ಮದುವೆ ಫೋಟೋ ತೆಗೆಯುವವರಿಗೆಲ್ಲ ಅದು ಲೆನ್ಸ್ ಒರೆಸುವ, ಉಳಿದ ಆಲ್ಬಮ್ ಮುಗಿಸುವ, ಬಾಕಿ ದುಡ್ಡಿಗೆ ಫೋನ್ ಮಾಡುವ ತಿಂಗಳು. ಹೋದ ಸಲ ಆ ತಿಂಗಳಲ್ಲೇ ಅಕ್ಕ ಫೋನ್ ಮಾಡಿದ್ದು.

ಅಕ್ಕ ಅಂದರೆ ಒಡಹುಟ್ಟಿದ ಅಕ್ಕ ಅಲ್ಲ. ಮೂವತ್ತೈದು ವರ್ಷದಿಂದ ಹವ್ಯಾಸಿ ನಾಟಕ ಮಾಡುತ್ತಿರುವವರು, ನನ್ನ ಮೊದಲ ಕ್ಯಾಮೆರಾ ಕೊಳ್ಳಲು ಸಾಲ ಕೊಟ್ಟವರು. ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಅಕ್ಕ ಅಂತಲೇ ಬರೆಯುತ್ತೇನೆ.

"ನನಗೆ ಅರವತ್ತು ತುಂಬೋದ್ರೊಳಗೆ ನೀನು ಒಂದು ಫೋಟೋ ತೆಗೀಬೇಕು ಕಣೆ."

"ತೆಗೆಯೋಣ ಅಕ್ಕ. ಸೀರೆ ಯಾವುದು ಉಡ್ತೀರಿ?"

"ಸೀರೆ ಇಲ್ಲ."

"ಚೂಡಿದಾರಾ?"

"ಏನೂ ಇಲ್ಲ ಕಣೆ. ಬಂಡೆ ಮೇಲೆ."

ನಾನು ಲೆನ್ಸ್ ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟೆ. ಅಕ್ಕ ತಮಾಷೆ ಮಾಡುತ್ತಿರಲಿಲ್ಲ. ತಲೆಯೊಳಗೆ ಫೋಟೋ ಆಗಲೇ ತೆಗೆದುಕೊಂಡು ಕೂತಿದ್ದರು. ಕ್ಯಾಮೆರಾಗೆ ಬೆನ್ನು ಮಾಡಿ, ಮಂಡಿ ಮಡಚಿ, ತಲೆ ಒಳಗೆ ಎಳೆದುಕೊಂಡು ಮಲಗುವುದು. ನೋಡಿದವರಿಗೆ ಮೊದಲು ಬರೀ ಬಂಡೆ ಕಾಣಬೇಕು. ಎರಡನೇ ಸಲ ನೋಡಿದಾಗ, ಅಯ್ಯೋ ಇಲ್ಲೊಬ್ಬರಿದ್ದಾರೆ ಅನ್ನಿಸಬೇಕು. ಮಂಡಿ ಆಪರೇಷನ್ ಆದ ಗೆರೆ ಬಂಡೆಯ ಬಿರುಕಿನ ಹಾಗೆ ಕಾಣಬೇಕು. ಇಷ್ಟೇ ಆಸೆ. ಕೇಳಿದ ಮೇಲೆ ನನಗೂ ಆ ಫೋಟೋ ಬೇಕು ಅನ್ನಿಸಿತು. ಮಂಟಪದಲ್ಲಿ ಜೀರಿಗೆ ಬೆಲ್ಲ ಹಾಕುವ ಫೋಟೋ ಎಷ್ಟು ಸಾವಿರ ತೆಗೆದಿದ್ದೇನೋ ಲೆಕ್ಕ ಇಲ್ಲ.

ಬೆಂಗಳೂರಿನಲ್ಲಿ ಬಂಡೆಗೇನು ಬರ, ಅಲ್ವಾ? ಲಾಲ್‌ಬಾಗ್ ಬಂಡೆಯೇ ಇದೆ, ಮುನ್ನೂರು ಕೋಟಿ ವರ್ಷ ಹಳೆಯದು ಅಂತ ಭೂವಿಜ್ಞಾನ ಇಲಾಖೆಯವರು ಬೋರ್ಡ್ ಹಾಕಿದ್ದಾರೆ. ಆದರೆ ಬೆಳಿಗ್ಗೆ ಆರಕ್ಕೆ ಅದರ ಮೇಲೆ ನಡೆಯುವವರ ಸಾಲು ನೋಡಿದರೆ, ಬಟ್ಟೆ ಹಾಕಿಕೊಂಡು ಕೂರಲೂ ಜಾಗ ಇಲ್ಲ. ತುರಹಳ್ಳಿ ಅರಣ್ಯ ಇಲಾಖೆಯದ್ದು. ರಾಮದೇವರ ಬೆಟ್ಟ 2012ರಿಂದ ರಣಹದ್ದು ಧಾಮ. ಸಾವನದುರ್ಗವೂ ಕಾಡಿನವರ ಕೈಯಲ್ಲೇ. ಊರಾಚೆಯ ಸಣ್ಣಪುಟ್ಟ ಗುಡ್ಡಗಳು ಗೋಮಾಳವೋ, ದೇವಸ್ಥಾನದ್ದೋ, ಕ್ವಾರಿಯವರದ್ದೋ ಆಗಿರುತ್ತವೆ. ಬಂಡೆಗೆ ಬರ ಇಲ್ಲ, ಯಾರದ್ದೂ ಅಲ್ಲದ ಬಂಡೆಗೆ ಬರ.

ಸುಮ್ನೆ ಹೋಗಿ ಬೆಳಗಾಗುವ ಮುಂಚೆ ತೆಗೆದುಕೊಂಡು ಬಂದುಬಿಡೋಣ ಅಂತ ಅಕ್ಕ. ನನಗೆ ಧೈರ್ಯ ಸಾಲಲಿಲ್ಲ. ಪ್ರೀ ವೆಡ್ಡಿಂಗ್ ಶೂಟ್‌ನಲ್ಲಿ ಹುಡುಗ ಹುಡುಗಿಯ ಹಣೆಗೆ ಹಣೆ ತಾಗಿಸಿದ್ದಕ್ಕೇ ಪಾರ್ಕ್ ಗಾರ್ಡ್ ವಿಶಲ್ ಊದಿ ಓಡಿಸಿದ್ದನ್ನು ಅನುಭವಿಸಿದವಳು ನಾನು. ಮೊದಲು ಭಾವನನ್ನು ಕೇಳೋಣ ಅಂದೆ.

ಭಾವ ಅಂದರೆ ನಿಜವಾದ ಭಾವ. ಸಿಟಿ ಸಿವಿಲ್ ಕೋರ್ಟ್‌ನಲ್ಲಿ ಹೆಚ್ಚಾಗಿ ಜಮೀನಿನ ಕೇಸು ನೋಡುತ್ತಾರೆ, ಆಗೀಗ ಕ್ರಿಮಿನಲ್. ಬಸವನಗುಡಿಯ ಒಂದು ದರ್ಶಿನಿಯಲ್ಲಿ ಸಿಕ್ಕಿದರು. ಎರಡು ಪ್ಲೇಟ್ ಇಡ್ಲಿ ವಡೆ, ಬೈಟು ಕಾಫಿ. ವಿಷಯ ಹೇಳಿದೆ. ಅವರು ಸುತ್ತ ನೋಡಿ, "ಸ್ವಲ್ಪ ಮೆಲ್ಲಗೆ ಮಾತಾಡು" ಅಂದರು. ಆಮೇಲೆ ಅವರಿಗೇ ಹುಮ್ಮಸ್ಸು ಬಂದು ಜೋರಾಗಿ ಮಾತಾಡತೊಡಗಿದರು.

"ಬೆತ್ತಲೆ ಫೋಟೋ ತೆಗೀಬಾರದು ಅಂತ ಒಂದು ಸೆಕ್ಷನ್ ಇಲ್ಲ. ಇದು ಮೊದಲು ತಲೇಲಿ ಇಟ್ಕೋ. ಫೋಟೋಗ್ರಾಫರ್ ಅಂತ ಕಾನೂನು ನಿನ್ನನ್ನ ನೋಡೋದೇ ಇಲ್ಲ."

ನಿಂತು ತಿನ್ನುವ ಮೇಜಿನ ಮೇಲೆ ಇಡ್ಲಿ ತಟ್ಟೆ ಮಧ್ಯಕ್ಕೆ ಎಳೆದರು. ಇದು ಬಂಡೆ. ಇಡ್ಲಿ ಮೇಲೆ ಅರ್ಧ ತಿಂದ ವಡೆ ಇಟ್ಟರು. ಇದು ನಿಮ್ಮ ಅಕ್ಕ. ಕಾಫಿ ಲೋಟ ಮೇಜಿನ ಆ ತುದಿಗೆ ತಳ್ಳಿದರು. ಇದು ಹಾಲು ಹಾಕೋಕೆ ಡೈರಿಗೆ ಹೋಗ್ತಿರೋ ಮನುಷ್ಯ. ಲೋಟ ಅಲ್ಲಿರುವವರೆಗೆ ಏನೂ ಇಲ್ಲ. ಲೋಟವನ್ನು ನಿಧಾನಕ್ಕೆ ತಟ್ಟೆಯ ಹತ್ತಿರ ತಂದರು. ಈಗ ಇವನು ನೋಡಿದ. ನೋಡಿ ಇವನಿಗೆ ಕಿರಿಕಿರಿ ಆಯ್ತು. ಈಗ ಕೇಸು.

ಅದು ಭಾರತೀಯ ನ್ಯಾಯ ಸಂಹಿತೆಯ 296ನೇ ಸೆಕ್ಷನ್. ಸಾರ್ವಜನಿಕ ಜಾಗದಲ್ಲಿ ಅಶ್ಲೀಲ ಕೆಲಸ ಮಾಡಿ ಬೇರೆಯವರಿಗೆ ಕಿರಿಕಿರಿ ಮಾಡಿದರೆ 3 ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 'ಕಿರಿಕಿರಿ' ಅನ್ನುವುದು ಭಾವ ಸೇರಿಸಿದ್ದಲ್ಲ, ಸೆಕ್ಷನ್‌ನಲ್ಲೇ ಇದೆ. ಇದೇ ಮಾತು ಹಳೆಯ ದಂಡ ಸಂಹಿತೆಯಲ್ಲಿ 294 ಆಗಿತ್ತು. 2024ರ ಜುಲೈ 1ರಿಂದ ಹೊಸ ಸಂಹಿತೆ ಬಂದು ಎಲ್ಲ ನಂಬರ್ ಪಲ್ಲಟ. ಈಗ 294 ಅಂದರೆ ಅಶ್ಲೀಲ ಪುಸ್ತಕ, ಚಿತ್ರ ಮಾರುವುದು, ಹಂಚುವುದು, ಪ್ರದರ್ಶಿಸುವುದು. ಹಳೆಯ 292 ಅದು. ಹಳೇ ವಕೀಲರು ಇವತ್ತಿಗೂ ಬಾಯಿ ತಪ್ಪಿ 294 ಅಂದುಬಿಡುತ್ತಾರಂತೆ, ಬೀದಿ ಕೇಸು ಪುಸ್ತಕದ ಕೇಸಾಗಿಬಿಡುತ್ತದಂತೆ.

"ಅಕ್ಕ ತಾನೇ ಬಂಡೆ ಮೇಲಿರೋದು, ನನಗೇನು?" ಅಂದೆ.

"ನೀನು ಕುಮ್ಮಕ್ಕು ಕೊಟ್ಟವಳು. 'ಇನ್ನೂ ಸ್ವಲ್ಪ ಎಡಕ್ಕೆ ತಿರುಗಿ ಅಕ್ಕ' ಅಂದವಳು ಯಾರು?"

ಇಷ್ಟು ಕೇಳಿ ನನಗೆ ಸಮಾಧಾನವೇ ಆಯಿತು. ಸಾವಿರ ರೂಪಾಯಿ ದಂಡ ಅಂದರೆ ನೋ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿ ಟೋ ಮಾಡಿಸಿಕೊಂಡ ಲೆಕ್ಕ. ಮುಖದಲ್ಲಿ ಅದು ಕಂಡಿರಬೇಕು, ಭಾವ ನನ್ನ ಫೋನ್ ಎತ್ತಿ ತಟ್ಟೆ ಪಕ್ಕ ಇಟ್ಟರು.

"ಬಂಡೆ ಮೇಲೆ ಮಲಗಿದರೆ ಮೂರು ತಿಂಗಳು. ಇದರೊಳಗೆ ಮಲಗಿದರೆ ಮೂರು ವರ್ಷ."

ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಸೆಕ್ಷನ್. ಅಶ್ಲೀಲ ಅನ್ನಿಸುವುದನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಪ್ರಕಟಿಸಿದರೆ, ಕಳಿಸಿದರೆ, ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಎರಡನೇ ಸಲ 5 ವರ್ಷ, 10 ಲಕ್ಷ. ಅದರ ಜತೆಗೆ 1986ರ ಕಾಯ್ದೆ ಒಂದಿದೆ, ಹೆಂಗಸರನ್ನು ಅಸಭ್ಯವಾಗಿ ತೋರಿಸಬಾರದು ಅನ್ನುವುದು. ಗಂಡಸು ಬಂಡೆ ಮೇಲೆ ಮಲಗಿದರೆ ಆ ಕಾಯ್ದೆಗೆ ಕೆಲಸ ಇಲ್ಲ. ಅಕ್ಕನಿಗೆ ಇದನ್ನು ಹೇಳಿದಾಗ, "ಹಾಗಾದ್ರೆ ನಮ್ಮೆಜಮಾನರನ್ನ ಮಲಗಿಸೋಣ ಬಿಡು" ಅಂದರು. ಅವರ ಯಜಮಾನರು ಬನಿಯನ್ ಇಲ್ಲದೆ ಗೇಟಿನ ತನಕವೂ ಬರುವವರಲ್ಲ.

ಹಾಗಾದರೆ ಅಶ್ಲೀಲ ಅಂದರೆ ಯಾವುದು? ಇಲ್ಲಿ ಭಾವ ಎರಡನೇ ಬೈಟು ಹೇಳಿದರು. ಕೋರ್ಟುಗಳು ಬಹಳ ಕಾಲ ಇಂಗ್ಲೆಂಡಿನ 1868ರ ಒಂದು ಕೇಸಿನ ಅಳತೆಗೋಲನ್ನೇ ಹಿಡಿದಿದ್ದವು. ಕೆಡುವ ಮನಸ್ಸಿರುವವರ ಕೈಗೆ ಸಿಕ್ಕರೆ ಇದು ಅವರನ್ನು ಕೆಡಿಸುತ್ತದೆಯೇ ಅನ್ನುವ ಅಳತೆ. ಅಂದರೆ ಊರಿನಲ್ಲಿ ಅತಿ ಸಡಿಲ ಮನಸ್ಸಿನವನು ಯಾರೋ ಅವನೇ ತೀರ್ಪುಗಾರ. 1964ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೆಚ್ಚು ಕಡಿಮೆ ಒಪ್ಪಿಕೊಂಡಿತ್ತು. ಅದನ್ನು ಬಿಟ್ಟುಕೊಟ್ಟದ್ದು 2014ರಲ್ಲಿ, ಅದೂ ಒಂದು ಫೋಟೋದಿಂದ.

ಟೆನಿಸ್ ಆಟಗಾರ ಬೋರಿಸ್ ಬೆಕರ್ ಮತ್ತು ಅವನು ಮದುವೆಯಾಗಲಿದ್ದ ಬಾರ್ಬರಾ ಫೆಲ್ಟಸ್ ಬಟ್ಟೆ ಇಲ್ಲದೆ ನಿಂತ ಫೋಟೋ. ತೆಗೆದವರು ಹುಡುಗಿಯ ಅಪ್ಪ! ಅವನು ಬಿಳಿಯ, ಅವಳ ಬಣ್ಣ ಕಪ್ಪು. ಬಣ್ಣಭೇದದ ವಿರುದ್ಧ ಹೇಳಿಕೆಯ ಹಾಗೆ ಅದು ಜರ್ಮನಿಯ ಪತ್ರಿಕೆಯಲ್ಲಿ ಬಂದಿತ್ತು. 1993ರಲ್ಲಿ ಕೋಲ್ಕತ್ತದ ಪತ್ರಿಕೆಗಳು ಮತ್ತೆ ಹಾಕಿದವು. ಅಲ್ಲಿನ ವಕೀಲರೊಬ್ಬರು ಕೇಸು ಹಾಕಿದರು. 2014ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೇಸನ್ನೇ ತೆಗೆದುಹಾಕಿತು. ಬೆತ್ತಲೆ ಇದ್ದ ಮಾತ್ರಕ್ಕೆ ಅಶ್ಲೀಲ ಅಲ್ಲ, ಇಡೀ ಚಿತ್ರವನ್ನು ಅದರ ಸಂದರ್ಭದಲ್ಲಿಟ್ಟು ಇವತ್ತಿನ ಸಮಾಜದ ಸಾಮಾನ್ಯ ಮನುಷ್ಯನ ಕಣ್ಣಿಂದ ನೋಡಬೇಕು ಅಂತ ಹೇಳಿತು. ಅಷ್ಟರಲ್ಲಿ ಆ ಜೋಡಿಗೆ ಮದುವೆಯಾಗಿ, ಮಕ್ಕಳಾಗಿ, ಡೈವೋರ್ಸೂ ಆಗಿತ್ತು.

ಇದನ್ನು ಕೇಳಿ ನನಗೆ ಖುಷಿಗಿಂತ ಭಯವೇ ಜಾಸ್ತಿ ಆಯಿತು. ಗೆದ್ದರು ಸರಿ, ಆದರೆ 20 ವರ್ಷ! ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ಇನ್ನೊಂದು ಕಥೆಯೂ ಇದೇ. 1995ರ ಟಫ್ ಶೂ ಜಾಹೀರಾತು. ಮಿಲಿಂದ್ ಸೋಮನ್, ಮಧು ಸಪ್ರೆ, ಇಬ್ಬರ ಕಾಲಲ್ಲಿ ಶೂ, ಮೈಮೇಲೆ ಒಂದು ಹೆಬ್ಬಾವು, ಅಷ್ಟೇ. ತೆಗೆದವರು ಪ್ರಬುದ್ಧ ದಾಸ್‌ಗುಪ್ತ. ಅಶ್ಲೀಲತೆಯ ಕೇಸಿನ ಜತೆ ಹಾವಿಗಾಗಿ ವನ್ಯಜೀವಿ ಕಾಯ್ದೆಯ ಕೇಸೂ ಬಿತ್ತು. ಖುಲಾಸೆ ಆಗಿದ್ದು 2009ರಲ್ಲಿ. ಅದು ಸ್ಟುಡಿಯೋದೊಳಗೆ ಮಾಡಬಹುದಾದ ಫೋಟೋ, ಬೀದಿಯ ಪ್ರಶ್ನೆಯೇ ಇರಲಿಲ್ಲ. ಆದರೂ 14 ವರ್ಷ. ಅಕ್ಕನಿಗೆ ಅರವತ್ತು, ಅದಕ್ಕೆ ಹದಿನಾಲ್ಕು ಕೂಡಿಸಿ ನೋಡಿದೆ.

ನಿಜವಾಗಿ ಬಯಲಲ್ಲೇ ನಡೆದದ್ದು 2020ರ ನವೆಂಬರ್‌ನಲ್ಲಿ, ಗೋವಾದಲ್ಲಿ, ಒಂದೇ ವಾರದಲ್ಲಿ ಎರಡು. ಕಾಣಕೋಣದ ಚಾಪೋಲಿ ಅಣೆಕಟ್ಟಿನ ಹತ್ತಿರ ಶೂಟ್ ಮಾಡಿದ್ದಕ್ಕೆ ನಟಿ ಪೂನಂ ಪಾಂಡೆ ಬಂಧನ ಆಯಿತು. ಅದೇ ಹೊತ್ತಿಗೆ ಮಿಲಿಂದ್ ಸೋಮನ್ ತನ್ನ 55ನೇ ಹುಟ್ಟುಹಬ್ಬಕ್ಕೆ ಕಡಲತೀರದಲ್ಲಿ ಬೆತ್ತಲೆ ಓಡಿದ ಫೋಟೋ ಹಾಕಿದ. ಅವನ ಮೇಲೂ ಕೇಸು ದಾಖಲಾಯಿತು. ಆದರೆ ಬಂಧನ ಇಲ್ಲ, ಜನ ಅವನ ಮೈಕಟ್ಟನ್ನು ಹೊಗಳಿದರು. ಅಣೆಕಟ್ಟು ಸರ್ಕಾರದ ಆಸ್ತಿ, ಎರಡೂ ಒಂದೇ ಅಲ್ಲ ಅಂತ ಭಾವ ವಾದ ಮಾಡಿದರು. ಮಾಡಲಿ. ನನಗೆ ಕಂಡಿದ್ದು ನನಗೆ ಕಂಡಿತು.

"ಹಾಗಾದ್ರೆ ನಮ್ಮ ಬಾಹುಬಲಿ?" ಅಂತ ನಾನು ಕೇಳಿಯೇ ಕೇಳಿದೆ. ಎಲ್ಲರೂ ಕೇಳುವ ಪ್ರಶ್ನೆ ಇದು ಅಂತ ಭಾವನ ಮುಖವೇ ಹೇಳಿತು. ಪುರಾತನ ಸ್ಮಾರಕ, ದೇವಸ್ಥಾನದ ಶಿಲ್ಪ, ಧರ್ಮಕ್ಕಾಗಿ ಇಟ್ಟುಕೊಂಡದ್ದು, ಕಲೆ, ಸಾಹಿತ್ಯ, ವಿಜ್ಞಾನದ ಒಳಿತಿಗೆ ಪ್ರಕಟಿಸಿದ್ದು, ಇವಕ್ಕೆಲ್ಲ ಆ ಪುಸ್ತಕ-ಚಿತ್ರದ ಸೆಕ್ಷನ್‌ನಲ್ಲೇ ವಿನಾಯಿತಿ ಇದೆ. ಬೇಲೂರಿನ ಮದನಿಕೆಯನ್ನು ನಾನು ನಿಶ್ಚಿಂತೆಯಿಂದ ಆಲ್ಬಮ್ ಮುಖಪುಟಕ್ಕೆ ಹಾಕಬಹುದು. ಆದರೆ ಬೀದಿಯ ಸೆಕ್ಷನ್‌ನಲ್ಲಿ ಅಂಥ ವಿನಾಯಿತಿ ಬರೆದಿಲ್ಲ. ಅಲ್ಲಿ ಇರೋದು ಕಿರಿಕಿರಿ ಒಂದೇ. ದಿಗಂಬರ ಮುನಿಗಳು ವಿಹಾರ ಬಂದಾಗ ನಮ್ಮ ಪೊಲೀಸರೇ ಗಾಡಿ ನಿಲ್ಲಿಸಿ ದಾರಿ ಬಿಡಿಸುವುದನ್ನು ನಾನೇ ಕಂಡಿದ್ದೇನೆ. ಯಾರಿಗೂ ಕಿರಿಕಿರಿ ಇಲ್ಲ, ಕೈ ಮುಗಿಯುತ್ತಾರೆ. ಇದೇ ನಾಡಿನಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯೂ ಇತ್ತು. 1986ರಲ್ಲಿ ಅದನ್ನು ತಡೆಯಲು ಹೋದವರ ಮೇಲೆ ಹಲ್ಲೆ ಆಗಿ, ಪೊಲೀಸರ ಬಟ್ಟೆಯನ್ನೂ ಕಿತ್ತ ಮೇಲೆ ನಿಷೇಧ ಬಂತು. ಸೊರಬದ ಕಡೆಯವರಾದ ನಮ್ಮತ್ತೆಗೆ ಈ ಮಾತು ಎತ್ತಿದರೆ ಇವತ್ತಿಗೂ ಆಗುವುದಿಲ್ಲ. ಅಲ್ಲಿ ಸೇವೆ ಮಾಡಿದ ಹೆಂಗಸರಲ್ಲಿ ಎಷ್ಟು ಜನರನ್ನು 'ನಿನಗೆ ಒಪ್ಪಿಗೆಯಾ' ಅಂತ ಯಾರಾದರೂ ಕೇಳಿದ್ದರು ಅನ್ನುವುದು ಅವರ ಪ್ರಶ್ನೆ.

ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಯಾಕೆಂದರೆ ಭಾವ ಹೇಳಿದ ಯಾವ ಸೆಕ್ಷನ್‌ನಲ್ಲೂ ಅಕ್ಕನ ಒಪ್ಪಿಗೆಗೆ ಬೆಲೆ ಇರಲಿಲ್ಲ. ಅಕ್ಕ ಬೇಕು ಅಂದಿದ್ದಾರೆ, ಅವರೇ ಕೇಳಿದ್ದಾರೆ, ಬರೆದು ಸಹಿ ಹಾಕುತ್ತಾರೆ ಅಂದರೂ, ಲೋಟಕ್ಕೆ ಕಿರಿಕಿರಿ ಆಯಿತೇ ಅನ್ನುವುದಷ್ಟೇ ಲೆಕ್ಕ.

ಆ ವಾರ ಭಾನುವಾರ ನಾವಿಬ್ಬರೂ ಊರಾಚೆಯ ಒಂದು ಗುಡ್ಡಕ್ಕೆ ಸುಮ್ನೆ ಜಾಗ ನೋಡಲು ಹೋದೆವು. ಅಕ್ಕ ಹತ್ತಿ ಸೀರೆ, ಸ್ವೆಟರ್, ತಲೆಗೆ ಮಫ್ಲರ್. ಎಲ್ಲಿ ಮಲಗಿದರೆ ಹೇಗೆ ಕಾಣುತ್ತದೆ ನೋಡಲು ಸ್ವೆಟರ್ ಸಮೇತ ಬಂಡೆ ಮೇಲೆ ಮಲಗಿದರು. ನಾನು ಕ್ಯಾಮೆರಾದಿಂದ ಕಣ್ಣು ತೆಗೆದು ನೋಡಿದರೆ ಇಪ್ಪತ್ತು ಅಡಿ ದೂರದಲ್ಲಿ ಮೂವರು ಹುಡುಗರು ಫೋನ್ ಹಿಡಿದು ನಿಂತಿದ್ದರು. ಒಬ್ಬ ಜೂಮ್ ಮಾಡುತ್ತಿದ್ದ. ಬೆರಳುಗಳು ಸ್ಕ್ರೀನ್ ಮೇಲೆ ಅಗಲವಾಗುವುದು ನನಗೆ ಕಂಡಿತು. ಅಕ್ಕ ಎದ್ದು ಕೂತು, "ಏನಪ್ಪ, ನಿನ್ನ ಅಜ್ಜಿ ಫೋಟೋ ಮನೇಲಿಲ್ವಾ?" ಅಂದರು. ಹುಡುಗರು ನಗುತ್ತಾ ಇಳಿದು ಹೋದರು. ವಿಡಿಯೋ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ತಲೆಗೆ ಮಫ್ಲರ್ ಸುತ್ತಿದ ಹೆಂಗಸು ಬಂಡೆ ಮೇಲೆ ಮಲಗಿದ ರೀಲ್ ಯಾರಾದರೂ ನೋಡಿದ್ದರೆ, ಅದು ನಾವೇ.

ನಾವು ಕದ್ದುಮುಚ್ಚಿ ಮಾಡಬೇಕು ಅಂತ ಇಷ್ಟು ದಿನದಿಂದ ಸೆಕ್ಷನ್ ಓದುತ್ತಿದ್ದೆವು. ಆ ಹುಡುಗರು ಏನೂ ಓದದೆ ಫೋನ್ ಎತ್ತಿದರು. ಬೆಂಗಳೂರಿನಲ್ಲಿ ಇದು ಹೊಸದೇನಲ್ಲ. 2025ರ ಮೇ ತಿಂಗಳಲ್ಲಿ ನಮ್ಮ ಮೆಟ್ರೋದಲ್ಲಿ ಹೋಗುವ ಹೆಣ್ಣುಮಕ್ಕಳನ್ನು ಅವರಿಗೇ ತಿಳಿಯದಂತೆ ತೆಗೆದು ಇನ್‌ಸ್ಟಾಗ್ರಾಮ್‌ಗೆ ಹಾಕುತ್ತಿದ್ದ ಖಾತೆಯ ಮೇಲೆ ಬನಶಂಕರಿ ಪೊಲೀಸರು ಕೇಸು ಹಾಕಿದರು. ಜುಲೈನಲ್ಲಿ ಚರ್ಚ್ ಸ್ಟ್ರೀಟ್‌ನಲ್ಲಿ ನಡೆದು ಹೋಗುವವರನ್ನು ಹೀಗೇ ತೆಗೆದವನೊಬ್ಬನ ಬಂಧನ ಆಯಿತು. ಆ ಹೆಣ್ಣುಮಕ್ಕಳೆಲ್ಲ ಮೈತುಂಬಾ ಬಟ್ಟೆ ಹಾಕಿದ್ದವರು.

ಭಾವನಿಗೆ ಫೋನ್ ಮಾಡಿ ಕೇಳಿದೆ. ಅಕ್ಕ ಬಟ್ಟೆ ಇಲ್ಲದೆ ಇದ್ದು, ಆ ಹುಡುಗರು ತೆಗೆದಿದ್ದರೆ ಯಾರದು ತಪ್ಪು?

"ಜಾಗ ಯಾವುದು?" ಅಂತ ಅವರ ಮೊದಲ ಪ್ರಶ್ನೆ.

ಎಲ್ಲರೂ ಓಡಾಡುವ ಗುಡ್ಡ ಆಗಿದ್ದರೆ ಮೊದಲು ಸ್ಟೇಷನ್‌ನಲ್ಲಿ ಕೂರುವವರು ನೀವು. ಬೇಲಿ ಹಾಕಿದ ಸ್ವಂತ ಜಾಗ, ಯಾರೂ ನೋಡುವುದಿಲ್ಲ ಅಂತ ನಂಬಲು ಕಾರಣ ಇರುವ ಜಾಗ ಆಗಿದ್ದರೆ, ಬೇಲಿ ಮೇಲಿಂದ ಫೋನ್ ಎತ್ತಿದವನು ಅಪರಾಧಿ. ಹೊಸ ಸಂಹಿತೆಯ 77ನೇ ಸೆಕ್ಷನ್, ಹೆಂಗಸಿನ ಖಾಸಗಿ ಹೊತ್ತನ್ನು ಕದ್ದು ನೋಡುವುದು, ತೆಗೆಯುವುದು. ಮೊದಲ ಸಲಕ್ಕೇ ಕನಿಷ್ಠ 1 ವರ್ಷ, 3 ವರ್ಷದವರೆಗೆ. ಅದರಲ್ಲಿ ಒಪ್ಪಿಗೆಯೇ ಎಲ್ಲ. ಎಷ್ಟು ಅಂದರೆ, ಫೋಟೋ ತೆಗೆಯಲು ಒಪ್ಪಿದ್ದರೂ ಹಂಚಲು ಒಪ್ಪಿಲ್ಲ ಅಂದರೆ, ಹಂಚಿದ್ದು ಅಪರಾಧ ಅಂತ ಬಿಡಿಸಿ ಬರೆದಿದ್ದಾರೆ. ಅದೇ ಮೈ, ಅದೇ ಬಂಡೆ, ಅದೇ ಹುಡುಗರು. ನಡುವೆ ಒಂದು ಮುಳ್ಳುತಂತಿ ಎಳೆದರೆ ಕಟಕಟೆಯಲ್ಲಿ ನಿಲ್ಲುವವರು ಬದಲಾಗುತ್ತಾರೆ.

ಬೇಲಿ ಇದ್ದರೆ ಸಾಲದು, ಹೊರಗಿನಿಂದ ಕಾಣಲೂಬಾರದು ಅಂತ ಸೇರಿಸಿದರು. 2016ರಲ್ಲಿ ಬಾಂಬೆ ಹೈಕೋರ್ಟ್ ಫ್ಲ್ಯಾಟ್‌ನ ಒಳಗೆ ನಡೆದ ಪಾರ್ಟಿ ಸಾರ್ವಜನಿಕ ಜಾಗದಲ್ಲಿ ನಡೆದದ್ದಲ್ಲ ಅಂತ ಹೇಳಿ ಕೇಸು ರದ್ದು ಮಾಡಿದೆ. ಆದರೆ 2021ರ ಏಪ್ರಿಲ್‌ನಲ್ಲಿ ದುಬೈನಲ್ಲಿ ಬಾಲ್ಕನಿಯಲ್ಲಿ ನಿಂತು ಬೆತ್ತಲೆ ಫೋಟೋ ತೆಗೆಸಿಕೊಂಡ ಹೆಂಗಸರ ಗುಂಪನ್ನು ದೇಶದಿಂದಲೇ ಕಳಿಸಿದರು. ಮನೆ ಬಾಡಿಗೆಯದ್ದೇ ಇರಬಹುದು, ಬಾಲ್ಕನಿ ಊರಿಗೆಲ್ಲ ಕಾಣುತ್ತದಲ್ಲ. ಅಲ್ಲಿನ ಕಾನೂನು ಬೇರೆ, ಹೆದರಿಕೆ ಒಂದೇ. ನಮ್ಮ ಟೆರೇಸ್ ಮೇಲೆ ಮಾಡೋಣ ಅನ್ನುವ ನನ್ನ ಕೊನೆಯ ಆಸೆ ಅಲ್ಲಿಗೆ ಹೋಯಿತು. ಪಕ್ಕದ ಅಪಾರ್ಟ್‌ಮೆಂಟ್‌ನ ನಾಲ್ಕು ಮಹಡಿಗೆ ನಾವು ಹಪ್ಪಳ ಒಣಗಿಸುವುದೂ ಕಾಣುತ್ತದೆ.

ಬೇರೆ ಕಡೆ ಹೇಗಿದೆ ಅಂತ ಅಕ್ಕನಿಗೆ ಕುತೂಹಲ. ಸ್ಪೆನ್ಸರ್ ಟ್ಯೂನಿಕ್ ಅನ್ನುವ ಅಮೆರಿಕದ ಫೋಟೋಗ್ರಾಫರ್ ಬಗ್ಗೆ ಹೇಳಿದೆ. ನ್ಯೂಯಾರ್ಕ್ ಬೀದಿಗಳಲ್ಲಿ ಜನರನ್ನು ಬೆತ್ತಲೆ ನಿಲ್ಲಿಸಿ ಹಲವು ಸಲ ಬಂಧನ ಆದವನು. ಅಲ್ಲಿನ ಕಾನೂನಿನಲ್ಲಿ ನಾಟಕ, ಪ್ರದರ್ಶನಕ್ಕೆ ವಿನಾಯಿತಿ ಇದೆ, ಅದು ನನಗೂ ಸಲ್ಲಬೇಕು ಅಂತ ನಗರದ ವಿರುದ್ಧ ಕೋರ್ಟ್‌ಗೆ ಹೋಗಿ 2000ದಲ್ಲಿ ಗೆದ್ದ. 2007ರಲ್ಲಿ ಮೆಕ್ಸಿಕೋ ನಗರದ ದೊಡ್ಡ ಚೌಕದಲ್ಲಿ 18,000 ಜನ ಬಟ್ಟೆ ಬಿಚ್ಚಿ ಅವನಿಗಾಗಿ ಮಲಗಿದರು. 2022ರಲ್ಲಿ ಆಸ್ಟ್ರೇಲಿಯಾದ ಬಾಂಡೈ ಕಡಲತೀರದಲ್ಲಿ ಚರ್ಮದ ಕ್ಯಾನ್ಸರ್ ಬಗ್ಗೆ ತಿಳಿವಳಿಕೆ ಮೂಡಿಸಲು 2,500 ಜನ. ಅಕ್ಕ ಎಲ್ಲ ಕೇಳಿ, "ಹದಿನೆಂಟು ಸಾವಿರ ಜನಾನಾ? ಅವರಿಗೆಲ್ಲ ಕಾಫಿ ಯಾರು ಮಾಡಿದ್ದು?" ಅಂದರು. ನಾಟಕದವರ ಯೋಚನೆಯೇ ಹಾಗೆ.

ಅಂತೂ ಜಾಗ ಸಿಕ್ಕಿತು. ನನ್ನ ಜತೆ ಓದಿದವನೊಬ್ಬನದ್ದು ಮಾಗಡಿ ಕಡೆ ಎರಡೂವರೆ ಎಕರೆ ಇದೆ. ಈಗ ಅದನ್ನು ಬೆಂಗಳೂರು ದಕ್ಷಿಣ ಜಿಲ್ಲೆ ಅನ್ನಬೇಕಂತೆ, ಇರಲಿ. ಸುತ್ತ ಕಲ್ಲುಕಂಬ, ಐದೆಳೆ ಮುಳ್ಳುತಂತಿ, ಅದರ ಮೇಲೆ ಹಬ್ಬಿದ ಲಂಟಾನ. ಹಿಂದೆ ಹುಣಸೆ ತೋಪು. ನಡುವೆ ಆನೆ ಮಲಗಿದ ಹಾಗೆ ಒಂದು ಬಂಡೆ, ರಸ್ತೆಗೆ ಬೆನ್ನು ಮಾಡಿಕೊಂಡು. ಏನು ಫೋಟೋ ಅಂತ ಅವನಿಗೆ ನಿಜವನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೀಗದ ಕೈ ಗೇಟಿನ ಎಡಗಡೆ ಕಲ್ಲಿನ ಕೆಳಗಿರುತ್ತೆ" ಅಂದ.

ಅಕ್ಕ ಒಂದು ಹಾಳೆಯಲ್ಲಿ ತಾವೇ ಕನ್ನಡದಲ್ಲಿ ಬರೆದು ಕೊಟ್ಟರು. ನನ್ನ ವಯಸ್ಸು ಇಷ್ಟು, ನಾನೇ ಕೇಳಿ ತೆಗೆಸಿಕೊಳ್ಳುತ್ತಿದ್ದೇನೆ, ತೆಗೆಯಲು ಒಪ್ಪಿಗೆ ಇದೆ, ತೋರಿಸಲು ನನ್ನನ್ನು ಪ್ರತಿ ಸಲ ಕೇಳಬೇಕು. 'ಪ್ರತಿ ಸಲ' ಅನ್ನುವುದರ ಕೆಳಗೆ ಎರಡು ಗೆರೆ. ಮದುವೆ ಮನೆಯಲ್ಲಿ ನಾನು ಯಾರನ್ನಾದರೂ ಹೀಗೆ ಕೇಳಿದ್ದೇನೆಯೇ ಅಂತ ಆ ಗೆರೆ ನೋಡಿದಾಗ ಅನ್ನಿಸಿತು. ಧಾರೆ ಹೊತ್ತಲ್ಲಿ ಅಳುವ ಹುಡುಗಿಯ ಮುಖ ಎಷ್ಟು ಸಲ ನನ್ನ ಪುಟಕ್ಕೆ ಹಾಕಿದ್ದೇನೆ.

ಜನವರಿ ಮೊದಲ ವಾರ. ಆರೂವರೆ, ಇನ್ನೂ ಸೂರ್ಯ ಇಲ್ಲ. ಬಂಡೆ ಮೇಲೆ ಮಂಜಿನ ತೇವ. ಫೋನ್ ಎರಡನ್ನೂ ಆರಿಸಿ ಕಾರಿನಲ್ಲಿಟ್ಟೆವು, ಕ್ಯಾಮೆರಾದ ವೈಫೈಯನ್ನೂ ಆರಿಸಿದೆ. ಅಕ್ಕ ಶಾಲು ತೆಗೆದು ನನ್ನ ಕೈಗೆ ಕೊಟ್ಟು ಮಲಗಿದರು. ಮುಟ್ಟಿದ ಕೂಡಲೇ, "ಅಯ್ಯಪ್ಪಾ, ಐಸು!" ಅಂದರು. ಆಮೇಲೆ ಮಾತಿಲ್ಲ. 85ರ ಲೆನ್ಸ್‌ನಲ್ಲಿ ಅವರ ಬೆನ್ನು ನೋಡುತ್ತಿದ್ದೆ. ಬೆನ್ನುಮೂಳೆಯ ಗುಂಟ ನೆರಳು. ಬಂಡೆಯಲ್ಲಿ ಮಳೆನೀರು ಹರಿದು ಹರಿದು ಕಪ್ಪಗೆ ಎಳೆದ ಪಟ್ಟೆ. ಒಂದು ಪಟ್ಟೆ ಸರಿಯಾಗಿ ಅವರ ಸೊಂಟದ ಹತ್ತಿರ ಬಂದು ನಿಂತಿತ್ತು. ಬಂಡೆ ಮೇಲಿನ ಹಸಿರು ಬೂದಿ ಬಣ್ಣದ ಕಲ್ಲುಹೂವು, ಅಕ್ಕನ ಭುಜದ ಮೇಲಿನ ವಯಸ್ಸಿನ ಮಚ್ಚೆ. ಮೊದಲ ಬಿಸಿಲು ಬಿದ್ದಾಗ ನನಗೇ ಒಂದು ಕ್ಷಣ ಅವರು ಎಲ್ಲಿ ಮುಗಿದು ಬಂಡೆ ಎಲ್ಲಿ ಶುರುವಾಗುತ್ತದೆ ಗೊತ್ತಾಗಲಿಲ್ಲ. ಕ್ಲಿಕ್ ಮಾಡಿದೆ.

ಹಿಂದಿನಿಂದ ಕೆಮ್ಮಿದ ಸದ್ದು.

ತಿರುಗಿ ನೋಡಿದರೆ ಅಜ್ಜಿ. ತಲೆ ಮೇಲೆ ಮಂಕರಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಹುಣಸೆ ತೋಪಿನ ಕಡೆ ಬೇಲಿಯಲ್ಲಿ ಸಂದಿ ಇತ್ತು ಅಂತ ನಮಗೆ ಯಾರು ಹೇಳಬೇಕು? ನನ್ನ ತಲೆಯಲ್ಲಿ ಒಂದೇ ಸಲಕ್ಕೆ 296, 67, 1986, ಎಲ್ಲ ಓಡಿದವು. ಲೋಟ ತಟ್ಟೆಯ ಪಕ್ಕಕ್ಕೆ ಬಂದಾಗಿತ್ತು. ಶಾಲು ಹಿಡಿದು ಓಡಿದೆ.

ಅಜ್ಜಿ ಮಂಕರಿ ಕೆಳಗಿಳಿಸಿ ಅಕ್ಕನನ್ನೇ ನೋಡಿದರು.

"ಚಳಿ ಆಗಕಿಲ್ವೇನವ್ವ?"

"ಆಗುತ್ತೆ ಅವ್ವ" ಅಂದರು ಅಕ್ಕ, ಶಾಲು ಸುತ್ತಿಕೊಳ್ಳುತ್ತಾ, ಹಲ್ಲು ಕಟಕಟ.

"ಯಾವ ದ್ಯಾವ್ರಿಗೆ ಹರಕೆ?"

ಅಕ್ಕ ನನ್ನ ಮುಖ ನೋಡಿದರು. ನಾನು ಕಲ್ಲುಹೂವು ನೋಡಿದೆ.

"ಈ ಬಂಡೆಗೇ ಅವ್ವ."

"ಸರಿ ಬುಡಿ. ಬಿಸಿಲು ಬರಾದ್ರೊಳಗೆ ಎದ್ದೇಳಿ ಮತ್ತೆ. ಹುಳ್ಳಿ ಹಾಕ್ಬೇಕು."

ಅಷ್ಟೇ. ಗೆಳೆಯನ ತಾಯಿ ಅವರು, ಅಲ್ಲೇ ಊರಿನಲ್ಲಿ ಇರುವವರು. ಅಮ್ಮ ದಿನಾ ತೋಪಿನ ಕಡೆಯಿಂದ ಬಂದು ಆ ಬಂಡೆ ಮೇಲೆ ಹುರುಳಿ ಒಣಗಿಸುತ್ತಾರೆ ಅನ್ನುವುದನ್ನು ಹೇಳಲು ಅವನು ಮರೆತಿದ್ದ. ಅಕ್ಕ ಬಟ್ಟೆ ಹಾಕಿಕೊಂಡು ಬಂದು ಅಜ್ಜಿಯ ಜತೆ ಸೇರಿ ಹುರುಳಿ ಹರಡಿದರು. ನಾನು ಅದರ ಫೋಟೋ ತೆಗೆಯಬಹುದಾ ಅಂತ ಅಜ್ಜಿಯನ್ನು ಕೇಳಿದೆ. ಬೇಡ, ಸೀರೆ ಹಳೇದು ಅಂದರು.

ಪ್ರಿಂಟ್ ನಾನೇ ಮನೆಯಲ್ಲಿ ಹಾಕಿದೆ, ಲ್ಯಾಬ್‌ಗೆ ಕಳಿಸಲಿಲ್ಲ. ಅಕ್ಕ ಅದನ್ನು ಬೀರು ಬಾಗಿಲಿನ ಒಳಬದಿಗೆ ಅಂಟಿಸಿಕೊಂಡಿದ್ದಾರೆ. ಮನೆ ಕೆಲಸಕ್ಕೆ ಬರುವವರು ನೋಡಿ, "ಯಾವ ಬೆಟ್ಟ ಅಮ್ಮ ಇದು, ಚೆನ್ನಾಗೈತೆ" ಅಂದರಂತೆ. ಅಕ್ಕನಿಗೆ ಅವತ್ತು ಆದ ಖುಷಿ ಯಾವ ನಾಟಕದ ಚಪ್ಪಾಳೆಗೂ ಆಗಿರಲಿಲ್ಲವಂತೆ. ಈಗ ಗೆಳತಿಯರ ಒಂದು ಸಣ್ಣ ಪ್ರದರ್ಶನದಲ್ಲಿ ಇಡೋಣ ಅನ್ನುತ್ತಿದ್ದಾರೆ. ಕಲೆ ಅಂತ ವಿನಾಯಿತಿ ಇದೆ, ಬೆಕರ್ ಕೇಸಿದೆ, 2023ರಲ್ಲಿ ಕೇರಳ ಹೈಕೋರ್ಟ್ ಕೂಡ ಹೆಣ್ಣಿನ ಬರಿಮೈ ಕಂಡ ಮಾತ್ರಕ್ಕೆ ಅಶ್ಲೀಲ ಅನ್ನಬಾರದು ಅಂತ ಹೇಳಿದೆ, ಇಡಬಹುದು ಅನ್ನುತ್ತಾರೆ ಭಾವ. ಆಮೇಲೆ, "ಯಾರಾದ್ರೂ ಕೇಸು ಹಾಕಿದ್ರೆ ಗೆಲ್ತೀವಿ, ಎಷ್ಟನೇ ವರ್ಷಕ್ಕೆ ಅಂತ ಕೇಳಬೇಡ" ಅಂತ ಸೇರಿಸುತ್ತಾರೆ.

ಹಾಳೆಯಲ್ಲಿ ಬರೆದ ಹಾಗೆ ಅಕ್ಕನನ್ನು ಕೇಳಿದೆ, ಒಪ್ಪಿದರು. ಜಮೀನಿನವನನ್ನೂ ಒಂದು ಮಾತು ಕೇಳೋಣ ಅಂತ ಮೊನ್ನೆ ಫೋನ್ ಮಾಡಿದೆ.

"ಫೋಟೋ ಬೇಕಾದ್ರೆ ಎಲ್ಲಾದ್ರೂ ಇಡು ಮಾರಾಯ್ತಿ. ನನ್ನ ತೊಂದರೆ ಬೇರೆ" ಅಂದ. "ಬೆಂಗಳೂರಿಂದ ಯಾರೋ ಬಂದು ನಮ್ಮ ಬಂಡೆಗೆ ಹರಕೆ ತೀರಿಸಿ ಹೋದ್ರು ಅಂತ ಅಮ್ಮ ಊರಲ್ಲೆಲ್ಲ ಹೇಳಿದ್ದಾಳೆ. ಹೋದ ಮಂಗಳವಾರ ಯಾರೋ ಬೇಲಿ ಸಂದೀಲಿ ಬಂದು ಅರಿಶಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು ಹೋಗಿದ್ದಾರೆ. ಈಗ ಅದರ ಮೇಲೆ ಹುಳ್ಳಿ ಹಾಕೋ ಹಾಗಿಲ್ಲ ಅಂತ ಅಮ್ಮ ದಿನಾ ನನಗೆ ಬೈತಾಳೆ."